ಪರರ ನೆಲದಲ್ಲಿ ದಂಡಿನ ಠಾಣ್ಯ

(ಚಿಕ್ಕೋಡಿಯಲ್ಲಿ ಕೂಡಿದ ಕಾರ್ಮಿಕರ ಹಾಗೂ ವ್ಯಾಪಾರಸ್ಥರ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯ ವಿಷಯವನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿದಾಗ ತಂಬಾಕಿನ ವ್ಯಾಪಾರಸ್ಥರೊಬ್ಬರು ನಿಂತು ಓದಿ ನಕ್ಕರು. "ಕಬ್ಬಿನ ಬಾಕಿಯ ಮಾತಿಲ್ಲ, ಬೀಡಿಯ ಮಜೂರಿಯ ಮಾತಿಲ್ಲ, ಎಲ್ಲಿಯದೋ ದೇಶದಲ್ಲಿ ಯಾರದೋ ದಂಡು ಬಿಡಾರ ಬಿಟ್ಟರೆ ನಿಮಗೇನು ಸಂಕಟ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೇ. ಬಾಕಿಯ ಮಾತನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಪರದೇಶದ ದಂಡು ಎಂಬುದು ನಮ್ಮ ಐದು ತಾಲೂಕುಗಳಿಗೆ ದೂರದ ಸುದ್ದಿಯಲ್ಲ. ಅದರ ಲೆಕ್ಕವನ್ನು ನಮ್ಮ ಹಿರಿಯರು ಹೊಲದ ಪಟ್ಟಿಯಲ್ಲಿ ತೆತ್ತಿದ್ದಾರೆ, ಮನೆಯ ಮಕ್ಕಳನ್ನು ಕಳುಹಿಸಿ ತೆತ್ತಿದ್ದಾರೆ. ಅದಕ್ಕಾಗಿ ಇಂದು ಇಷ್ಟು ಹೊತ್ತು ನಿಮ್ಮನ್ನು ಕೂಡ್ರಿಸಿದ್ದೇವೆ.

ಈ ಚಿಕ್ಕೋಡಿಯನ್ನೇ ತೆಗೆದುಕೊಳ್ಳಿ. ಇನ್ನೂರು ವರುಷದ ಕೆಳಗೆ ಈ ಊರು ಕೊಲ್ಲಾಪುರದವರದೋ, ಪೇಶವೆಯದೋ, ಪೇಶವೆಯ ಪರವಾಗಿ ಹಿಡಿದಿದ್ದ ನಿಪ್ಪಾಣಿಯ ದೇಸಾಯರದೋ ಎಂಬ ಜಗಳ ಹರಿಯದೆ ನಿಂತಿತ್ತು. ಎರಡು ಬೆಕ್ಕುಗಳಿಗೆ ಬೆಣ್ಣೆ ಹಂಚಲು ಬಂದ ಮಂಗನ ಕತೆ ನಿಮಗೆ ಗೊತ್ತು. ಇಲ್ಲಿ ತಕ್ಕಡಿ ಹಿಡಿದು ಕುಳಿತವನು ಕಂಪನಿಯ ಇಂಗ್ರೇಜ. ೧೮೧೨ರಲ್ಲಿ ಕೊಲ್ಲಾಪುರದ ರಾಜರಿಂದ ಚಿಕ್ಕೋಡಿ, ಮುನವಳ್ಳಿಗಳ ಹಕ್ಕನ್ನು ಬರೆಸಿ ಬಿಡಿಸಿದನು. ಪೇಶವೆಯೊಡನೆ ಕೊನೆಯ ಯುದ್ಧ ನಡೆದ ೧೮೧೭-೧೮ರಲ್ಲಿ ಕೊಲ್ಲಾಪುರದವರು ತನ್ನ ಪಕ್ಷ ವಹಿಸಿದರೆಂದು ಅದೇ ಚಿಕ್ಕೋಡಿ, ಅದೇ ಮುನವಳ್ಳಿಯನ್ನು ಅವರಿಗೆ ಬಹುಮಾನವಾಗಿ ಕೊಟ್ಟನು. ಹತ್ತು ವರುಷ ತುಂಬುವುದರೊಳಗೆ, ೧೮೨೭ರಲ್ಲಿ, ತಿರುಗಿ ಕಸಿದುಕೊಂಡನು. ಊರಿನ ಜನರನ್ನು ಒಂದು ಸಲವೂ ಯಾರೂ ಕೇಳಲಿಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದುದು ಇದರ ಜೊತೆಗೆ ಬಂದ ಕರಾರು. ೧೮೨೭, ೧೮೨೯ರ ಒಪ್ಪಂದಗಳಲ್ಲಿ ಕೊಲ್ಲಾಪುರದ ಸ್ವಂತ ಸೈನ್ಯವನ್ನು ನಾನೂರು ಕುದುರೆ, ಎಂಟುನೂರು ಕಾಲಾಳಿಗೆ ಇಳಿಸಿದರು. ಕೊಲ್ಲಾಪುರದಲ್ಲಿಯೂ ಪನ್ಹಾಳದ ಕೋಟೆಯಲ್ಲಿಯೂ ಇಂಗ್ರೇಜರ ದಂಡು ಕುಳಿತಿತು. ಆ ದಂಡಿನ ಖರ್ಚು ಯಾರದು? ರಾಜನದು. ರಾಜನು ರೊಕ್ಕವನ್ನು ಎಲ್ಲಿಂದ ತರಬೇಕು? ರೈತನಿಂದ, ಪೇಟೆಯ ಜಕಾತಿಯಿಂದ. ಈ ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ ಊರು, ೧೯೪೯ರವರೆಗೆ ಹಾಗೆಯೇ ಇತ್ತು. ರಾಯಬಾಗದ ಒಕ್ಕಲಿಗನು ತನ್ನ ಜೋಳದ ರಾಶಿಯಿಂದ ಪನ್ಹಾಳದ ಮೇಲಿನ ಗೋರಾ ಸೋಲ್ಜರನ ಹೊಟ್ಟೆ ಹೊರೆದನು. ತನ್ನನ್ನು ಕಾಯುವ ದಂಡಲ್ಲ, ತನ್ನ ಮೇಲೆ ಕಾವಲು ಕೂತ ದಂಡು ಅದು.

ಪನ್ಹಾಳವೊಂದರ ಕತೆ ಇದಲ್ಲ. ಅದು ಒಂದು ಪದ್ಧತಿಯಾಗಿತ್ತು. ೧೮೦೨ರ ಡಿಸೆಂಬರ ೩೧ರಂದು ವಸಯಿಯಲ್ಲಿ ಎರಡನೆಯ ಬಾಜೀರಾವನು ಸಹಿ ಹಾಕಿದ ಕಾಗದವನ್ನು ಓದಿ ನೋಡಿರಿ. ಹೋಳಕರನಿಗೆ ಸೋತು ಪುಣೆ ಬಿಟ್ಟು ಓಡಿದ್ದನು, ರಕ್ಷಣೆ ಬೇಕಾಗಿತ್ತು. ಕಂಪನಿಯು ಆರು ಸಾವಿರ ಸಿಪಾಯಿಗಳನ್ನು ಕಾಯಂ ಇಡಲು ಒಪ್ಪಿತು. ಅದರ ವೆಚ್ಚಕ್ಕೆಂದು ವರುಷಕ್ಕೆ ೨೬ ಲಕ್ಷ ರೂಪಾಯಿ ಹುಟ್ಟುವ ಸೀಮೆಯನ್ನು ಬರೆಯಿಸಿಕೊಂಡಿತು. ಆ ಯಾದಿಯಲ್ಲಿ ಮೊದಲು ನಮ್ಮ ಸವಣೂರು, ಬಂಕಾಪುರಗಳೂ ಇದ್ದವು. ಹೈದರಾಬಾದಿನ ನಿಜಾಮನು ಇಂಥದೇ ದಂಡಿನ ಖರ್ಚಿಗೆ ೧೮೦೦ರಲ್ಲಿ ಬಳ್ಳಾರಿಯ ಸೀಮೆಯನ್ನು ಕೊಟ್ಟನು. ಟಿಪ್ಪುವಿನ ಪತನದ ನಂತರ ಮೈಸೂರಿನ ಮೇಲೆ ವರುಷಕ್ಕೆ ಏಳು ಲಕ್ಷ ವರಹದ ಹೊರೆ ಕುಳಿತಿತು. ಬಾಜೀರಾವನ ರಕ್ಷಣೆಗೆ ಬಂದ ದಂಡು ಹದಿನಾರು ವರುಷ ಕಳೆಯುವುದರೊಳಗೆ ಅವನನ್ನೇ ಗಾದಿಯಿಂದ ಇಳಿಸಿ ಬಿಠೂರಿಗೆ ಕಳುಹಿಸಿತು.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ. ಅಂಗಡಿಯನ್ನು ಕಾಯಲು ಒಬ್ಬನನ್ನು ಇಟ್ಟುಕೊಂಡಿರಿ. ಅವನಿಗೆ ಪಗಾರದ ಬದಲು ಅಂಗಡಿಯ ಒಂದು ಖಣ ಬರೆದುಕೊಟ್ಟಿರಿ. ನಿಮ್ಮ ಕೈಯಲ್ಲಿದ್ದ ಬಡಿಗೆಯನ್ನೂ ಅವನಿಗೇ ಒಪ್ಪಿಸಿದಿರಿ. ಇನ್ನು ಅಂಗಡಿಯ ಮಾಲಕರು ಯಾರು?

ಕೊಲ್ಲಾಪುರ ಸೀಮೆಯ ಗಡಕರಿಗಳು ೧೮೪೪ರಲ್ಲಿ ಇದನ್ನು ಒಪ್ಪದೆ ಎದ್ದರು. ಗಡಹಿಂಗ್ಲಜದ ಹತ್ತಿರದ ಸಾಮಾನಗಡದ ಬಾಗಿಲು ಹಾಕಿ ಕುಳಿತರು. ಕೋಟೆ ಕಾಯುವುದಕ್ಕಾಗಿ ಅವರಿಗಿದ್ದ ವಂಶಪರಂಪರೆಯ ಭೂಮಿಗೆ ಕುತ್ತು ಬಂದಿತ್ತು, ಹೊಟ್ಟೆಯ ಮೇಲೆ ಹೊಡೆತ ಬಿದ್ದಿತ್ತು. ಅವರನ್ನು ಮುರಿಯಲು ದಂಡು ಬಂದುದು ಬೆಳಗಾವಿಯಿಂದ. ಠಾಣ್ಯವೊಂದು ಊರಲ್ಲಿ ಕುಳಿತಿತೆಂದರೆ ಅದರ ಬಂದೂಕಿನ ಬಾಯಿ ಯಾವ ಕಡೆ ತಿರುಗುವುದೆಂದು ಊರವರು ನಿರ್ಧರಿಸುವುದಿಲ್ಲ.

ಇದು ಲೆಕ್ಕದ ಒಂದು ಮಗ್ಗಲು. ಇನ್ನೊಂದು ಮಗ್ಗಲು ಮಕ್ಕಳದು. ನಮ್ಮ ಕಡೆಯಿಂದ ಮರಾಠಿಗರೂ ಕನ್ನಡಿಗರೂ ದಂಡಿಗೆ ಸೇರುತ್ತ ಬಂದಿದ್ದಾರೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿದೆ. ಈ ಸಭೆಯಲ್ಲಿ ಪೆನ್ಶನ್ ಪಡೆಯುವ ಸುಬೇದಾರರು ಕುಳಿತಿರುವುದನ್ನು ನಾವು ಕಾಣುತ್ತಿದ್ದೇವೆ. ಅವರ ಶೌರ್ಯದ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಅವರನ್ನು ಎಲ್ಲಿಗೆ, ಯಾರ ಕೆಲಸಕ್ಕೆ ಕಳುಹಿಸಿದರು ಎಂಬುದು ನಮ್ಮ ಪ್ರಶ್ನೆ.

೧೯೧೪ರ ನವೆಂಬರದಲ್ಲಿ ಇರಾಣದ ಆಖಾತದ ತುದಿಯ ಫಾವ್‌ದಲ್ಲಿ ಹಿಂದುಸ್ಥಾನದ ದಂಡನ್ನು ಇಳಿಸಿದರು. ಹತ್ತಿರದ ಅಬಾದಾನದಲ್ಲಿ ಎಣ್ಣೆಯ ಕಾರಖಾನೆ ಇತ್ತು. ಆ ಎಣ್ಣೆ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅದೇ ವರುಷ ಇಂಗ್ಲಂಡದ ಸರಕಾರ ಕೊಂಡಿತ್ತು. ದಂಡು ಅಲ್ಲಿಂದ ಬಾಗ್ದಾದದ ಕಡೆ ನಡೆಯಿತು, ಸೋತಿತು, ಕುತ್ ಎಂಬ ಊರಲ್ಲಿ ಮುತ್ತಿಗೆಗೆ ಸಿಕ್ಕಿತು. ೧೦೩ನೆಯ, ೧೧೦ನೆಯ, ೧೧೭ನೆಯ ಮರಾಠಾ ಪಲ್ಟಣಗಳು ಆ ಊರೊಳಗೆ ಇದ್ದವು. ಐದು ತಿಂಗಳ ಹತ್ತಿರ ಹಸಿದು, ಕುದುರೆಯ ಮಾಂಸ ತಿನ್ನಬೇಕೋ ಬೇಡವೋ ಎಂದು ಜಾತಿ-ಧರ್ಮದ ಸಂಕಟ ಪಟ್ಟು, ೧೯೧೬ರ ಏಪ್ರಿಲ ೨೯ರಂದು ಶರಣಾದರು. ಹತ್ತು ಸಾವಿರಕ್ಕೂ ಮಿಕ್ಕಿ ಜನ ಸೆರೆಯಾದರು. ಮರುಭೂಮಿಯಲ್ಲಿ ನಡೆಯಿಸಿದ್ದರಿಂದ ಹಲವರು ದಾರಿಯಲ್ಲಿಯೇ ಸತ್ತರು, ಉಳಿದವರು ತುರ್ಕರ ರೈಲು ದಾರಿಗೆ ಮಣ್ಣು ಹೊತ್ತರು. ದಖ್ಖನದ ಎಷ್ಟೋ ಹಳ್ಳಿಗಳಲ್ಲಿ ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ಮರಳಲಿಲ್ಲ ಎಂದು ಕೆತ್ತಿದ ಕಲ್ಲು ಗೋಡೆಯಲ್ಲಿ ಉಳಿದಿದೆ. ಸಂಖ್ಯೆ ಇದೆ, ಹೆಸರಿಲ್ಲ. ಎಣ್ಣೆಯ ಕಂಪನಿಯ ಹೆಸರಂತೂ ಇಲ್ಲವೇ ಇಲ್ಲ. ಇದರ ಮೇಲೆ ೧೯೧೭ರಲ್ಲಿ ಹಿಂದುಸ್ಥಾನದ ಬೊಕ್ಕಸದಿಂದ ಹತ್ತು ಕೋಟಿ ಪೌಂಡುಗಳನ್ನು ಇಂಗ್ಲಂಡಕ್ಕೆ ಯುದ್ಧದ ಕಾಣಿಕೆಯೆಂದು ಕೊಟ್ಟರು. ಮಗನನ್ನು ಕೊಟ್ಟ ಮನೆಯೇ ಮಗನ ಗುಂಡಿನ ರೊಕ್ಕವನ್ನೂ ಕೊಟ್ಟಿತು.

ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಜಿಲ್ಲೆಯ ಪಡುವಣ ಗಡಿಯಲ್ಲಿ ಪರದೇಶದ ದಂಡು ಹದಿನಾಲ್ಕು ವರುಷ ಕುಳಿತಿತ್ತು. ಗೋವೆಯ ಮಾತು ಹೇಳುತ್ತಿದ್ದೇವೆ. ಗೋವೆಯ ಮಾತೆಂದರೆ ಸಮಾಜವಾದಿಗಳಾದ ನಮಗೆ ಮನೆಯ ಮಾತು. ೧೯೪೬ರ ಜೂನ ೧೮ರಂದು ಮಡಗಾವಿಯಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಸಭಾಬಂದಿಯನ್ನು ಮುರಿದರು. ೧೯೫೫ರಲ್ಲಿ ನಾನಾಸಾಹೇಬ ಗೋರೆ, ಮಧು ಲಿಮಯೆ ಮುಂತಾದವರು ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಗಡಿ ದಾಟಿ, ಪೆಟ್ಟು ತಿಂದು, ವರುಷಗಟ್ಟಲೆ ಶಿಕ್ಷೆ ಹೊತ್ತರು. ಅದೇ ವರುಷದ ಆಗಸ್ಟ ೧೫ರಂದು ಬರಿಗೈಯ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಕ್ಯಾಸಲ್‌ರಾಕಿನಿಂದ ಮುಂದಕ್ಕೆ ರೈಲು ನಿಂತಿತು. ಬೆಳಗಾವಿಯ ಪೇಟೆಗೂ ಮಡಗಾವಿಯ ಪೇಟೆಗೂ ಇದ್ದ ತಲೆತಲಾಂತರದ ಕೊಡುಕೊಳ್ಳುವಿಕೆ ಕಡಿಯಿತು, ಕಳ್ಳ ಸಾಗಾಟದವರು ಮಾತ್ರ ಉಂಡರು.

ಅಲ್ಲಿ ಕಾವಲಿಗೆ ನಿಂತವರಲ್ಲಿ ಆಫ್ರಿಕೆಯ ಮೋಝಾಂಬಿಕದಿಂದ ತಂದ ಕರಿಯ ಸಿಪಾಯಿಗಳೂ ಇದ್ದರು. ತಮ್ಮ ನೆಲವನ್ನೇ ಪೋರ್ತುಗೀಜರಿಗೆ ಕಳೆದುಕೊಂಡವರು ನಮ್ಮ ನೆಲವನ್ನು ಪೋರ್ತುಗೀಜರಿಗಾಗಿ ಕಾಯುತ್ತಿದ್ದರು. ಕುತ್‌ದಲ್ಲಿ ನಮ್ಮವರು ಮಾಡಿದುದೂ ಇದೇ ಕೆಲಸ.

ಪೋರ್ತುಗಾಲ ಚಿಕ್ಕ ದೇಶ, ಬಡ ದೇಶ. ಅದಕ್ಕೆ ಇಷ್ಟು ಸೊಕ್ಕು ಎಲ್ಲಿಂದ ಬಂತು? ಅಟ್ಲಾಂಟಿಕ ಸಾಗರದ ನಡುವೆ ಅಝೋರ್ಸ ಎಂಬ ಪೋರ್ತುಗೀಜ ದ್ವೀಪಗಳಿವೆ. ಅಲ್ಲಿಯ ಲಾಜೆಸ್‌ದಲ್ಲಿ ಅಮೇರಿಕೆಯವರಿಗೆ ವಿಮಾನ ನೆಲೆ ಬೇಕಾಗಿತ್ತು, ೧೯೫೧ರಲ್ಲಿ ಕರಾರು ಮಾಡಿಕೊಂಡರು. ಮುಂದೆ ೧೯೫೫ರ ಡಿಸೆಂಬರದಲ್ಲಿ ಅಮೇರಿಕೆಯ ವಿದೇಶಾಂಗ ಸಚಿವ ಡಲ್ಲೆಸರು ಪೋರ್ತುಗಾಲದ ಸಚಿವ ಕುನ್ಹಾ ಅವರೊಡನೆ ಕೂಡಿ ಹೇಳಿಕೆ ಕೊಟ್ಟಾಗ ಗೋವೆಯನ್ನು ಪೋರ್ತುಗಾಲದ ಪ್ರಾಂತವೆಂಬ ಅರ್ಥದಲ್ಲಿ ಮಾತಾಡಿದರು. ೧೯೬೧ರ ಡಿಸೆಂಬರ ೧೮ರಂದು ನಮ್ಮ ಸೈನ್ಯ ಗೋವೆಯಲ್ಲಿ ನಡೆದಾಗ, ಹಿಂದಕ್ಕೆ ಸರಿಯಿರೆಂದು ಭದ್ರತಾ ಸಮಿತಿಯಲ್ಲಿ ಠರಾವು ತಂದವರಲ್ಲಿ ಅಮೇರಿಕೆಯೂ ಇತ್ತು. ರಶಿಯಾ ವಿಟೋ ಹಾಕಿದ್ದರಿಂದ ಅದು ಬಿದ್ದಿತು. ಮಾರನೆಯ ದಿನ ಗೋವೆ ಬಿಡುಗಡೆಯಾಯಿತು. ತಾವೇ ಇಂಗ್ಲಂಡದ ದಂಡನ್ನು ಓಡಿಸಿ ಸ್ವತಂತ್ರರಾದ ಜನ ಹೀಗೇಕೆ ಮಾಡಿದರು? ನಾವು ತಿಳಿಯುವುದಿಷ್ಟೇ: ಪರರ ದ್ವೀಪದಲ್ಲಿ ಠಾಣ್ಯ ಇಟ್ಟವನು ಆ ಪರರ ಪಾಪಕ್ಕೂ ಬಾಡಿಗೆ ಕಟ್ಟಬೇಕಾಗುತ್ತದೆ. ಅಝೋರ್ಸದ ಬಾಡಿಗೆಯನ್ನು ಅಮೇರಿಕೆ ಗೋವೆಯ ಜನರ ಲೆಕ್ಕದಲ್ಲಿ ಬರೆಯಿತು.

ಇಷ್ಟು ಹೇಳಿದೊಡನೆ ನಾವು ರಶಿಯಾದವರ ಕಡೆಯವರೆಂದು ಯಾರೂ ತಿಳಿಯಬಾರದು. ೧೯೫೬ರಲ್ಲಿ ಹಂಗೇರಿಯಲ್ಲಿ, ೧೯೬೮ರಲ್ಲಿ ಝೆಕೊಸ್ಲೊವಾಕಿಯಾದಲ್ಲಿ ರಶಿಯಾದ ಟ್ಯಾಂಕುಗಳು ಕೂಲಿಕಾರರ ಓಣಿಗಳಲ್ಲಿ ಹಾಯ್ದವು. ಕೂಲಿಕಾರರ ರಾಜ್ಯವೆಂಬ ಹೆಸರಿನಿಂದಲೇ ಹಾಯ್ದವು. ಝೆಕ್ ಜನರು ಆ ದಂಡನ್ನು ಸಾಗಹಾಕಲು ೧೯೯೧ರವರೆಗೆ ಕಾಯಬೇಕಾಯಿತು. ಚೀನವೂ ೨೦೧೭ರಲ್ಲಿ ಆಫ್ರಿಕೆಯ ಜಿಬೂತಿಯಲ್ಲಿ ನೆಲೆ ತೆರೆಯಿತು. ಅಮೇರಿಕೆಯವರದು ಜಗತ್ತಿನ ಸುಮಾರು ಎಂಬತ್ತು ದೇಶ-ಪ್ರದೇಶಗಳಲ್ಲಿ ಏಳುನೂರೈವತ್ತರಷ್ಟು ಠಾಣ್ಯಗಳಿವೆಯೆಂದು ೨೦೨೧ರಲ್ಲಿ ಎಣಿಸಿದವರು ಹೇಳಿದರು. ಬಣ್ಣ ಯಾವುದಾದರೇನು, ಡೇರೆ ಊರಿದ ನೆಲ ಪರರದು.

ಠಾಣ್ಯ ಕೊಟ್ಟ ದೇಶಕ್ಕೆ ಭದ್ರತೆ ಸಿಗುವುದಿಲ್ಲವೇ ಎಂದು ಕೇಳುವವರಿಗೆ ಪೇಶಾವರದ ಕತೆ ಸಾಕು. ಪಾಕಿಸ್ತಾನವು ಪೇಶಾವರದ ಬಳಿ ಅಮೇರಿಕೆಯವರಿಗೆ ಜಾಗ ಕೊಟ್ಟಿತ್ತು. ೧೯೬೦ರ ಮೇ ೧ರಂದು ಅಲ್ಲಿಂದ ಹಾರಿದ ಗುಪ್ತಚರ ವಿಮಾನವನ್ನು ರಶಿಯಾ ಹೊಡೆದು ಕೆಡವಿತು. ನಕಾಶೆಯಲ್ಲಿ ಪೇಶಾವರದ ಸುತ್ತ ಕೆಂಪು ಗೆರೆ ಎಳೆದಿದ್ದೇವೆಂದು ಕ್ರುಶ್ಚೇವರು ಬೆದರಿಸಿದರು. ವಿಮಾನ ಅಮೇರಿಕೆಯದು, ಅದರ ಚಾಲಕನು ಅಮೇರಿಕೆಯವನು. ಕೆಂಪು ಗೆರೆ ಬಿದ್ದುದು ಪೇಶಾವರದ ತಾಂಗಾದವನ, ಹಣ್ಣಿನ ವ್ಯಾಪಾರಿಯ ಮನೆಗೆ.

ಇನ್ನು ನಮ್ಮದೇ ಸಮುದ್ರಕ್ಕೆ ಬನ್ನಿ. ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಡಿಯೆಗೊ ಗಾರ್ಸಿಯಾ ಎಂಬ ದ್ವೀಪವಿದೆ, ಚಾಗೋಸ್ ಗುಂಪಿನದು. ಅಲ್ಲಿ ತೆಂಗಿನ ತೋಟದ ಕೂಲಿಕಾರರು ತಲೆಮಾರುಗಳಿಂದ ಇದ್ದರು. ಕೊಬ್ಬರಿ ಒಣಗಿಸಿ ಎಣ್ಣೆ ತೆಗೆಯುವ ಜನ, ಆಫ್ರಿಕೆಯಿಂದ ದಾಸರಾಗಿ ತಂದವರ ಮಕ್ಕಳು, ಅವರಲ್ಲಿ ಕೆಲವರಿಗೆ ನಮ್ಮ ದೇಶದ ರಕ್ತವೂ ಇತ್ತು. ಮಾರಿಶಸ್ಸಿಗೆ ಸ್ವಾತಂತ್ರ್ಯ ಕೊಡುವ ಮೊದಲೇ, ೧೯೬೫ರಲ್ಲಿ, ಇಂಗ್ಲಂಡವು ಈ ದ್ವೀಪಗಳನ್ನು ಕತ್ತರಿಸಿ ಇಟ್ಟುಕೊಂಡಿತು, ಮರುವರುಷ ಅಮೇರಿಕೆಗೆ ನೆಲೆಗೆಂದು ಕೊಟ್ಟಿತು. ಬದಲಿಗೆ ಕ್ಷಿಪಣಿ ಕೊಳ್ಳುವಲ್ಲಿ ಒಂದು ಕೋಟಿ ನಾಲ್ವತ್ತು ಲಕ್ಷ ಡಾಲರಿನ ಸವಲತ್ತು ಪಡೆಯಿತು. ೧೯೬೮ರಿಂದ ೧೯೭೩ರೊಳಗೆ ಒಂದೂವರೆಯಿಂದ ಎರಡು ಸಾವಿರ ಜನರನ್ನು ದ್ವೀಪ ಬಿಡಿಸಿ ಮಾರಿಶಸ್, ಸೆಶೆಲ್ಸಗಳ ಬಂದರುಗಳಲ್ಲಿ ಇಳಿಸಿದರು. ಅವರ ಸಾಕಿದ ನಾಯಿಗಳನ್ನು ಹಿಡಿದು ಹೊಗೆ ಹಾಕಿ ಕೊಂದರು. ಅಲ್ಲಿಂದ ಹಾರಿದ ಬಾಂಬು ವಿಮಾನಗಳು ಇರಾಕಿನ ಮೇಲೆ, ಅಫ್ಘಾನಿಸ್ತಾನದ ಮೇಲೆ ಬೆಂಕಿ ಸುರಿದವು. ೨೦೧೯ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಇಂಗ್ಲಂಡದ ಹಿಡಿತ ನ್ಯಾಯವಲ್ಲವೆಂದು ಅಭಿಪ್ರಾಯ ಕೊಟ್ಟಿತು. ೨೦೨೫ರ ಮೇ ೨೨ರಂದು ದ್ವೀಪಗಳನ್ನು ಮಾರಿಶಸ್ಸಿಗೆ ಬಿಟ್ಟುಕೊಡುವ ಕರಾರಿಗೆ ಸಹಿ ಬಿತ್ತು. ಆದರೆ ಆ ಕರಾರಿನೊಳಗೇ ಡಿಯೆಗೊ ಗಾರ್ಸಿಯಾದ ನೆಲೆಗೆ ೯೯ ವರುಷಗಳ ಗುತ್ತಿಗೆ! ಹೊಲ ನಿನ್ನದು, ಬಾವಿ ನನ್ನದು ಎಂಬ ಪಾಲುಪಟ್ಟಿ ಇದು.

ಪರರನ್ನು ಬಯ್ಯುವುದು ಸುಲಭ. ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತೆಗೆದುಕೊಂಡು ಇಳಿದರೆ ನಾವು ಅರ್ಧ ಮಾತಾಡಿದಂತೆ. ನಮ್ಮ ಸರಕಾರ ಏನು ಮಾಡಿದೆ? ಇದನ್ನು ಕೇಳಿದರೆ ದೇಶದ್ರೋಹವೆಂದು ಕೆಲವರು ಕೂಗುತ್ತಾರೆ. ಕೂಗಲಿ.

೧೯೮೭ರ ಜುಲೈ ೨೯ರಂದು ಕೊಲಂಬೊದಲ್ಲಿ ಒಪ್ಪಂದವಾಯಿತು, ನಮ್ಮ ಸೈನ್ಯ ಶಾಂತಿಪಾಲನೆಯ ಹೆಸರಿನಿಂದ ಸಿಂಹಳಕ್ಕೆ ಹೋಯಿತು. ತಮಿಳರನ್ನು ಕಾಯಲು ಹೋದರೆಂದು ಮೊದಲು ಹಾರ ಹಾಕಿದರು. ಎರಡೂವರೆ ತಿಂಗಳೊಳಗೆ ಆ ತಮಿಳರ ಓಣಿಗಳಲ್ಲಿಯೇ ಯುದ್ಧ ಹತ್ತಿತು. ಅಕ್ಟೋಬರದಲ್ಲಿ, ದೀಪಾವಳಿಯ ಹೊತ್ತಿನಲ್ಲಿ, ಜಾಫ್ನಾದ ಆಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ ಐವತ್ತಕ್ಕೂ ಹೆಚ್ಚು ಜನ ಗುಂಡಿಗೆ ಸತ್ತರು. ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕರೆಂದು ಸೈನ್ಯದವರು ಹೇಳಿದರು, ಕೊಂದರೆಂದು ಬದುಕಿ ಉಳಿದವರು ಹೇಳಿದರು. ೧೯೮೯ರಲ್ಲಿ ಅಧ್ಯಕ್ಷ ಪ್ರೇಮದಾಸರು ಹೊರಡಿರೆಂದರು. ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಸಿಂಹಳ ಸರಕಾರ, ತಮಿಳು ಹುಲಿಗಳು ನಮ್ಮವರನ್ನು ಹೊರಡಿಸುವ ವಿಷಯದಲ್ಲಿ ಮಾತ್ರ ಒಂದಾದರು. ೧೯೯೦ರ ಮಾರ್ಚ ೨೪ರಂದು ಕೊನೆಯ ತುಕಡಿ ಹಡಗು ಹತ್ತಿತು. ಸುಮಾರು ೧,೨೦೦ ಭಾರತೀಯ ಸೈನಿಕರು ಅಲ್ಲಿ ಸತ್ತರು. ಮರುವರುಷ ರಾಜೀವ ಗಾಂಧಿಯವರ ಹತ್ಯೆಯಾಯಿತು. ಆ ಸಾವಿರದಿನ್ನೂರು ಮನೆಗಳಲ್ಲಿ ಯಾವ ಮನೆಗೂ ಮಗ ಯಾತಕ್ಕಾಗಿ ಸತ್ತನೆಂದು ಸರಿಯಾದ ಉತ್ತರ ಕೊಡಲು ಯಾವ ಪಕ್ಷದ ಸರಕಾರಕ್ಕೂ ಆಗಲಿಲ್ಲ. ಸಿಪಾಯಿಯ ತಪ್ಪಲ್ಲ ಅದು. ಒಳ್ಳೆಯ ಹೆಸರಿನಿಂದ ಹೋದ ದಂಡೂ ಪರರ ನೆಲದಲ್ಲಿ ನಿಂತಷ್ಟು ದಿನ ಪರರ ದಂಡೇ.

ಮಾಲದೀವದ ಮಾತು ಇನ್ನೂ ಚಿಕ್ಕದು, ಆದರೆ ನೋಡತಕ್ಕದ್ದು. ಅಲ್ಲಿ ನಮ್ಮವರು ಎಂಬತ್ತರಷ್ಟು ಜನ ಮಾತ್ರ ಇದ್ದರು. ಹೆಲಿಕಾಪ್ಟರಿನಲ್ಲಿ ರೋಗಿಗಳನ್ನು ದ್ವೀಪದಿಂದ ದ್ವೀಪಕ್ಕೆ ಒಯ್ಯುವುದೂ ಅವರ ಕೆಲಸವಾಗಿತ್ತು. ಆದರೂ ಅವರು ಸಮವಸ್ತ್ರದಲ್ಲಿದ್ದರೆಂಬುದೇ ೨೦೨೩ರಲ್ಲಿ ಚುನಾವಣೆಯ ವಿಷಯವಾಯಿತು, ಅವರನ್ನು ಹೊರಡಿಸುತ್ತೇವೆಂದವರು ಗೆದ್ದರು, ೨೦೨೪ರ ಮೇ ೧೦ರೊಳಗೆ ನಮ್ಮವರು ಹಿಂದೆ ಬಂದರು. ಅವರ ಜಾಗಕ್ಕೆ ಸಮವಸ್ತ್ರವಿಲ್ಲದ ತಂತ್ರಜ್ಞರು ಹೋದರು. ರೋಗಿಯನ್ನು ಒಯ್ಯಲು ಮೊದಲೇ ಅವರನ್ನು ಕಳುಹಿಸಬಹುದಾಗಿತ್ತಲ್ಲ! ಅದೇ ೨೦೨೪ರ ಫೆಬ್ರುವರಿಯಲ್ಲಿ ಮಾರಿಶಸ್ಸಿನ ಅಗಲೇಗಾ ದ್ವೀಪದಲ್ಲಿ ಭಾರತ ಕಟ್ಟಿಸಿದ ವಿಮಾನ ದಾರಿ, ಹಡಗುಕಟ್ಟೆಗಳ ಪ್ರಾರಂಭವಾಯಿತು. ಇದು ಸೈನಿಕ ನೆಲೆಯಲ್ಲವೆಂದು ಮಾರಿಶಸ್ಸಿನ ಸರಕಾರ ಹೇಳಿದೆ. ಅಲ್ಲವೆಂಬುದು ನಿಜವಾಗಲಿ. ಅಲ್ಲಿ ವಾಸಿಸುವ ಮುನ್ನೂರರಷ್ಟು ಜನ ಚಾಗೋಸಿನವರ ಗತಿ ತಮಗೂ ಬಂದೀತೆಂದು ಅಂಜಿದ್ದಾರೆ. ಆ ಅಂಜಿಕೆಯನ್ನು ತೆಗೆಯುವ ಹೊಣೆ ಭಾರತದ ಮೇಲಿದೆ. ಕಾರವಾರದಲ್ಲಿ ನಮ್ಮದೇ ನೌಕಾ ನೆಲೆಗಾಗಿ ಮನೆ ಬಿಟ್ಟ ಸಾವಿರಾರು ಕುಟುಂಬಗಳು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದುದನ್ನು ಕಂಡ ಕರ್ನಾಟಕದ ಜನ ನಾವು. ಸ್ವಂತ ದೇಶದಲ್ಲಿಯೇ ಹೀಗಾದರೆ ಪರದೇಶದ ದ್ವೀಪದವರ ಕೂಗನ್ನು ದಿಲ್ಲಿಯಲ್ಲಿ ಯಾರು ಕೇಳಬೇಕು?

ಹಾಗಾದರೆ ಸೈನ್ಯ ಗಡಿ ದಾಟಲೇ ಬಾರದೇ ಎಂದು ಸುಬೇದಾರರೊಬ್ಬರು ಚೀಟಿ ಬರೆದು ಕಳುಹಿಸಿದ್ದಾರೆ. ಒಳ್ಳೆಯ ಪ್ರಶ್ನೆ. ೧೯೫೩ರಲ್ಲಿ ಕೊರಿಯಾದ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಮೇಲ್ಪಟ್ಟ ಸೆರೆಯಾಳುಗಳನ್ನು ನೋಡಿಕೊಳ್ಳಲು ಎರಡೂ ಪಕ್ಷಗಳು ಒಪ್ಪಿ ಭಾರತವನ್ನು ಕರೆದವು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯ, ಕಾವಲು ಪಡೆಯ ಮುಖ್ಯರು ನಮ್ಮ ನೆರೆಯ ಕೊಲ್ಲಾಪುರದ ಥೋರಾತ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರು ಭಾರತದ ಸೈನಿಕನ ಕಾಲು ತಮ್ಮ ನೆಲಕ್ಕೆ ತಾಗಕೂಡದೆಂದು ಹಟ ಹಿಡಿದರು. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನಡುವಿನ ನಿಸ್ಸೈನಿಕ ಪಟ್ಟಿಯಲ್ಲಿ ಇಳಿಸಬೇಕಾಯಿತು. ನಮ್ಮವರು ಅವಮಾನವೆಂದು ಕುದಿಯಲಿಲ್ಲ. ಕೆಲಸ ಮಾಡಿದರು, ೧೯೫೪ರಲ್ಲಿ ಮರಳಿ ಬಂದರು. ಅಮೇರಿಕೆಯ ದಂಡು ಎಪ್ಪತ್ತು ವರುಷ ದಾಟಿದರೂ ಅಲ್ಲಿಯೇ ಇದೆ, ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಜನ. ತಿಮ್ಮಯ್ಯನವರು ಮುಂದೆ ವಿಶ್ವಸಂಸ್ಥೆಯ ಪಡೆಯ ಮುಖ್ಯರಾಗಿ ಸೈಪ್ರಸ್ಸಿನಲ್ಲಿದ್ದಾಗ ೧೯೬೫ರಲ್ಲಿ ತೀರಿಕೊಂಡರು. ಬಾಂಗ್ಲಾದೇಶದಿಂದಲೂ ನಮ್ಮ ಸೈನ್ಯ ಯುದ್ಧ ಮುಗಿದ ಮೂರು ತಿಂಗಳಲ್ಲಿ, ೧೯೭೨ರ ಮಾರ್ಚದಲ್ಲಿ, ಮರಳಿತು. ನಿಂತಿದ್ದರೆ ಆ ಗೆಲುವಿಗೆ ಯಾವ ಬಣ್ಣ ಬರುತ್ತಿತ್ತೆಂಬುದನ್ನು ಸಿಂಹಳದವರನ್ನು ಕೇಳಬೇಕು. ಗೋವೆಯಲ್ಲಿಯೂ ಸೈನ್ಯದ ಆಡಳಿತ ಬೇಗ ತೆಗೆದರು, ೧೯೬೭ರ ಜನವರಿ ೧೬ರಂದು ನೀವು ಮಹಾರಾಷ್ಟ್ರದಲ್ಲಿ ಸೇರುವಿರೋ ಪ್ರತ್ಯೇಕ ಇರುವಿರೋ ಎಂದು ಮತ ಹಾಕಿಸಿ ಜನರನ್ನೇ ಕೇಳಿದರು. ಗಡಿಯ ಈ ತಾಲೂಕುಗಳಲ್ಲಿ ಇದನ್ನು ಹೇಳಿದರೆ ಬೇರೆ ಬೇರೆ ಅರ್ಥ ಮಾಡುವವರಿದ್ದಾರೆಂದು ನಮಗೆ ಗೊತ್ತು. ಆ ಜಗಳಕ್ಕೆ ಇದು ಸ್ಥಳವಲ್ಲ. ಕಬ್ಬು ನುರಿಸುವಾಗ ಉಗಾರದ ಕಾರಖಾನೆಯ ಗಾಣ ಕೂಲಿಕಾರನ ಭಾಷೆ ಕೇಳುವುದಿಲ್ಲ.

ಇನ್ನು ವ್ಯಾಪಾರಸ್ಥ ಮಿತ್ರರ ಒಂದು ಮಾತಿಗೆ ಉತ್ತರ ಕೊಡಬೇಕು. ದಂಡು ಇದ್ದಲ್ಲಿ ಪೇಟೆ ಬೆಳೆಯುತ್ತದೆ, ಬೆಳಗಾವಿಯ ಕ್ಯಾಂಪು ನೋಡಿ ಎನ್ನುತ್ತಾರೆ. ಫಿಲಿಪ್ಪೀನ್ಸದ ಸುಬಿಕ್ ಬಂದರಿನ ವ್ಯಾಪಾರಸ್ಥರೂ ಹೀಗೆಯೇ ಅಂದರು. ಅಲ್ಲಿ ಅಮೇರಿಕೆಯ ದೊಡ್ಡ ನೌಕಾ ನೆಲೆಯಿತ್ತು. ಸುತ್ತ ಬೆಳೆದ ಪೇಟೆಯಲ್ಲಿ ಸೆರೆಯಂಗಡಿಯೂ ಹೆಣ್ಣಿನ ವ್ಯಾಪಾರವೂ ಬಹಳವಾಗಿ ಬೆಳೆದವು. ೧೯೯೧ರ ಸೆಪ್ಟೆಂಬರ ೧೬ರಂದು ಆ ದೇಶದ ಸೆನೆಟು ಹೊಸ ಕರಾರನ್ನು ಹನ್ನೆರಡಕ್ಕೆ ಹನ್ನೊಂದು ಮತದಿಂದ ತಿರಸ್ಕರಿಸಿತು, ಒಂದೇ ಮತದ ಅಂತರ. ಮರುವರುಷ ನವೆಂಬರದಲ್ಲಿ ಕೊನೆಯ ಹಡಗು ಹೋಯಿತು. ಊರು ಹಾಳಾಗುವುದೆಂದು ಅಳುವವರು ಅತ್ತರು. ಅದೇ ಜಾಗದಲ್ಲಿ ಮುಕ್ತ ಬಂದರು, ಕಾರಖಾನೆಗಳು ಬಂದವು, ನೆಲೆಯಲ್ಲಿ ದುಡಿದವರಿಗಿಂತ ಹೆಚ್ಚು ಜನ ದುಡಿಯತೊಡಗಿದರು. ಮುಂದೆ ಅಲ್ಲಿಯ ಸರಕಾರವೇ ಬೇರೆ ಕರಾರು ಮಾಡಿ ಅಮೇರಿಕೆಯವರನ್ನು ಬೇರೆ ಜಾಗಗಳಿಗೆ ತಿರುಗಿ ಕರೆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಜಪಾನಿನ ಓಕಿನಾವಾದ ಜನ ಇನ್ನೂ ಬಡಿದಾಡುತ್ತಿದ್ದಾರೆ. ದೇಶದ ನೂರರಲ್ಲಿ ಒಂದು ಪಾಲೂ ಇಲ್ಲದ ಆ ನೆಲದ ಮೇಲೆ ಅಮೇರಿಕೆಯ ಠಾಣ್ಯಗಳ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಭೂಮಿ ಬಿದ್ದಿದೆ. ಆದರೆ ೨೦೨೫ರ ನವೆಂಬರ ೧೬ರಂದು ದಕ್ಷಿಣ ಅಮೇರಿಕೆಯ ಎಕ್ವಡೋರದಲ್ಲಿ ಪರದೇಶದ ಸೈನಿಕ ನೆಲೆಗಳಿಗೆ ಅವಕಾಶ ಕೊಡಬೇಕೇ ಎಂದು ಸರಕಾರವೇ ಜನಮತ ಕೇಳಿತು. ನೂರಕ್ಕೆ ಅರವತ್ತರಷ್ಟು ಜನ ಬೇಡವೆಂದರು. ಕೂಲಿಕಾರರು, ಸಂತೆಯ ವ್ಯಾಪಾರಿಗಳು, ಗುಡ್ಡಗಾಡಿನ ಜನ, ಇವರೇ ಅಲ್ಲವೇ ಮತ ಹಾಕಿದವರು?

ನಮ್ಮ ದೇಶದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ನಮಗೆ ಕೇಳಿಲ್ಲ. ೧೯೯೧ರ ಜನವರಿಯಲ್ಲಿ ಇರಾಕಿನ ಮೇಲೆ ಯುದ್ಧ ನಡೆದಾಗ ಅಮೇರಿಕೆಯ ಸೈನಿಕ ವಿಮಾನಗಳು ಮುಂಬಯಿಯಲ್ಲಿ, ಮದ್ರಾಸಿನಲ್ಲಿ, ಆಗ್ರಾದಲ್ಲಿ ಇಳಿದು ಎಣ್ಣೆ ತುಂಬಿಕೊಂಡು ಹೋದವು. ಆಗ ಪ್ರಧಾನಿ ಚಂದ್ರಶೇಖರರು. ಹೇಳಲು ನಾಚಿಕೆಯಾಗುತ್ತದೆ, ಅವರು ನಮ್ಮ ಹಳೆಯ ಪ್ರಜಾ ಸಮಾಜವಾದಿ ಮನೆಯಲ್ಲಿಯೇ ಬೆಳೆದವರು. ಪತ್ರಿಕೆಗಳಲ್ಲಿ ಸುದ್ದಿ ಬಂದು ಗದ್ದಲವಾದ ಮೇಲೆ ಫೆಬ್ರುವರಿಯಲ್ಲಿ ಅದು ನಿಂತಿತು. ೨೦೧೬ರ ಆಗಸ್ಟದಲ್ಲಿ ಅಮೇರಿಕೆಯೊಡನೆ ಲಿಖಿತ ಕರಾರೇ ಆಯಿತು. ಒಬ್ಬರ ನೆಲೆಯಲ್ಲಿ ಇನ್ನೊಬ್ಬರು ಎಣ್ಣೆ, ದುರಸ್ತಿ, ಸಾಮಾನು ಪಡೆಯಬಹುದು. ಠಾಣ್ಯ ಇಡುವುದಕ್ಕೆ ಇದರಲ್ಲಿ ಅವಕಾಶವಿಲ್ಲವೆಂದು ಸರಕಾರ ಹೇಳಿತು. ಅಕ್ಷರಶಃ ಅದು ನಿಜ. ವಸಯಿಯ ಕಾಗದಕ್ಕೂ ಇದಕ್ಕೂ ಬಹಳ ಅಂತರವಿದೆ, ಅದನ್ನೂ ಇದನ್ನೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ನಾಳೆ ಅವರ ಯುದ್ಧನೌಕೆ ನಮ್ಮ ಬಂದರಿನಿಂದ ಎಣ್ಣೆ ತುಂಬಿಕೊಂಡು ನಮ್ಮೊಡನೆ ಜಗಳವಿಲ್ಲದ ದೇಶದ ಮೇಲೆ ಹೋದರೆ, ಪೇಶಾವರದ ಸುತ್ತ ಬಿದ್ದ ಗೆರೆ ಯಾವ ಊರಿನ ಸುತ್ತ ಬೀಳಬೇಕು? ಇಂಥ ಒಂದೊಂದು ಅನುಮತಿಯೂ ಲೋಕಸಭೆಯ ಮುಂದೆ ಬಂದು ಚರ್ಚೆಯಾಗಬೇಕೆಂಬುದು ನಮ್ಮ ಬೇಡಿಕೆ.

ನೆಲೆ ಕೊಡುವುದೂ ಬೇಡ, ನೆಲೆ ಇಡುವುದೂ ಬೇಡ. ವಿಶ್ವಸಂಸ್ಥೆ ಕರೆದಾಗ, ಆ ನೆಲದ ಜನ ಒಪ್ಪಿದಾಗ, ಮರಳುವ ದಿನ ಗೊತ್ತಾದಾಗ ಮಾತ್ರ ನಮ್ಮ ಸಿಪಾಯಿ ಹೋಗಲಿ. ಈ ಅರ್ಥದ ಠರಾವನ್ನು ಅಧ್ಯಕ್ಷರು ಈಗ ಸಭೆಯ ಮುಂದೆ ಇಡುತ್ತಾರೆ. ನಮ್ಮ ಮತಕ್ಷೇತ್ರದ ಲೋಕಸಭಾ ಸದಸ್ಯರಿಗೂ ಇದರ ಪ್ರತಿ ಹೋಗುತ್ತದೆ. ಒಪ್ಪದವರು ಎದ್ದು ಮಾತಾಡಬೇಕು, ವಿಶೇಷವಾಗಿ ಪೆನ್ಶನ್‌ದಾರ ಸುಬೇದಾರರು. ಅವರ ಮಾತಿಗೆ ಹತ್ತು ನಿಮಿಷ ಬೇರೆ ಇಟ್ಟಿದ್ದೇವೆ. ಅಥಣಿ, ಕಾಗವಾಡದ ಕಡೆಗೆ ಹೋಗುವವರ ಕೊನೆಯ ಮೋಟಾರು ಬೇಗ ಹೊರಡುವುದರಿಂದ ಅವರ ಕೈಗಳನ್ನು ಮೊದಲು ಎಣಿಸಲಾಗುವುದು. ಠರಾವನ್ನು ಕನ್ನಡದಲ್ಲಿ ಓದಿದ ಮೇಲೆ ನಿಪ್ಪಾಣಿಯ ತಾಯಂದಿರಿಗಾಗಿ ಮರಾಠಿಯಲ್ಲಿಯೂ ಓದುತ್ತಾರೆ.